ತೂತು ಕೊರೆಯುವ ಯಂತ್ರ ಮತ್ತು ಅವ್ವನ ಕೈ

ನನ್ನ ಅಪ್ಪ ನ್ಯಾಯವಂತನಾಗಿದ್ದ ಎಂದು ನಾನು ಮೂರು ಸಭೆಗಳಲ್ಲಿ ಹೇಳಿದ್ದೇನೆ. ಅವುಗಳಲ್ಲಿ ಒಂದು ನನ್ನ ನಿವೃತ್ತಿಯ ದಿನದ ಬೀಳ್ಕೊಡುಗೆ ಸಭೆ. ಆ ಮೂರೂ ಮಾತುಗಳನ್ನು ನಾನು ಹಿಂದಕ್ಕೆ ಪಡೆಯಬೇಕಾಗಿದೆ. ಸಭೆಯಲ್ಲಿ ಆಡಿದ್ದನ್ನು ಸಭೆಯಲ್ಲೇ ಹಿಂದೆಗೆದುಕೊಳ್ಳುವುದು ಕ್ರಮ. ಆ ಸಭಿಕರನ್ನು ಮತ್ತೆ ಒಂದೆಡೆ ಕೂಡಿಸುವುದು ಆಗದ ಮಾತಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಕಾಲದ ನಮೂದಿಲ್ಲದ ಹಳೆಯ ಕಡತಗಳಿಗೆ ಕಾಲ ನಿರ್ಣಯಿಸುವುದು ನನ್ನ ವೃತ್ತಿಯಾಗಿತ್ತು. ಕಾಗದ, ಮಸಿ, ಕೈಬರಹ, ಹುಳು ತಿಂದ ಜಾಡು, ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡದೆ ನಾನು ಒಂದು ಸಾಲನ್ನೂ ಬರೆದವಳಲ್ಲ. ಒಂದೇ ಸಾಕ್ಷಿಯನ್ನು ನಂಬಬೇಡಿ, ಎರಡಾದರೂ ಇರಲಿ ಎಂದು ಕಿರಿಯರಿಗೆ ಗದರಿಸಿ ಕಲಿಸಿದವಳು. ಅಂಥ ನಾನು ನನ್ನ ಮನೆಯಲ್ಲೇ ನಡೆದ ಒಂದು ಸಂಗತಿಗೆ ಅರ್ಧ ಶತಮಾನದವರೆಗೆ ಆ ನಿಯಮವನ್ನು ಅನ್ವಯಿಸಲಿಲ್ಲ. ನನ್ನ ಆತ್ಮಕಥೆಯ ಈ ಅಧ್ಯಾಯದಲ್ಲಿ ಇಸವಿಗಳಿಲ್ಲ. ಅವು ನನ್ನ ಟಿಪ್ಪಣಿ ಪುಸ್ತಕದಲ್ಲಿವೆ. ಇಲ್ಲಿ ಬೇಕಾಗಿರುವುದು ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ನಡೆಯಿತು ಎಂಬ ಕ್ರಮ ಮಾತ್ರ. ಆ ಕ್ರಮದಲ್ಲೇ ಅಪರಾಧವಿದೆ.

ಇದಕ್ಕೆಲ್ಲ ಕಾರಣವಾದದ್ದು ಅಪ್ಪನ ಡ್ರಿಲ್ಲಿಂಗ್ ಯಂತ್ರ. ಎದೆಯೆತ್ತರದ ಕಬ್ಬಿಣದ ಕಂಬ, ತಲೆಯಲ್ಲಿ ಬೆಲ್ಟು, ಬಲಕ್ಕೆ ಮೂರು ಕೈಗಳ ಹಿಡಿ, ಕೆಳಗೆ ಮರವನ್ನಿಡುವ ಪುಟ್ಟ ಮೇಜು. ಹಿಡಿಯನ್ನು ಎಳೆದರೆ ತಿರುಗುವ ಬೈರಿಗೆ ನೆಟ್ಟಗೆ ಕೆಳಗಿಳಿದು ಹಲಗೆಯಲ್ಲಿ ತೂತು ಕೊರೆಯಬೇಕು. ಅಪ್ಪ ತೀರಿಕೊಂಡ ಮೇಲೆ ಅವ್ವ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ, ನನ್ನ ಮನೆಗೆ ಬಂದಾಗ ಅದೂ ಲಾರಿಯಲ್ಲಿ ಬಂತು. ಹಿತ್ತಿಲ ಕೋಣೆಯಲ್ಲಿ ನಿಲ್ಲಿಸಿದೆ. ನಿವೃತ್ತಿಯ ನಂತರ ನನಗೊಂದು ಕೆಲಸ ಹತ್ತಿಕೊಂಡಿತು: ಸುತ್ತಲ ಊರುಗಳ ಮನೆಗಳ ಅಟ್ಟದಲ್ಲಿ ಬಿದ್ದಿರುವ ತಾಳೆಗರಿಯ ಕಟ್ಟುಗಳಿಗೆ ಮರದ ಹೊದಿಕೆ ಮಾಡಿಕೊಡುವುದು. ಮೇಲೊಂದು ಹಲಗೆ, ಕೆಳಗೊಂದು ಹಲಗೆ, ಎರಡರ ತೂತಿಗೂ ಒಂದೇ ದಾರ. ತೂತು ಕೂದಲೆಳೆಯಷ್ಟು ಓರೆಯಾದರೂ ದಾರವು ಗರಿಯ ಅಂಚನ್ನು ಗರಗಸದಂತೆ ಕೊಯ್ಯುತ್ತದೆ. ಈ ವರ್ಷ ನನ್ನ ತೂತುಗಳು ಓರೆಯಾಗತೊಡಗಿದವು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಯಂತ್ರಗಳನ್ನು ದುರಸ್ತಿ ಮಾಡುತ್ತಲೇ ಮುದುಕನಾದ ಖಾದರ್ ಮೇಸ್ತ್ರಿಯನ್ನು ಕರೆಸಿದೆ. ಆತ ಯಂತ್ರವನ್ನು ಚಾಲೂ ಮಾಡಿ, ತಲೆಯನ್ನು ಒಂದು ಕಡೆಗೆ ವಾಲಿಸಿ ಸದ್ದು ಕೇಳಿ, ನಿಲ್ಲಿಸಿದ.

"ಅಮ್ಮಾರೇ, ಪುರಾನಾ ಮಾಲು ಇದು. ಒಳಗಿನ ಬುಶ್ಶು ಸವೆದು ಸ್ಪಿಂಡಲ್ಲು ಕುಡುಕ ನಿಂತಂಗೆ ನಿಂತೈತೆ. ಗುಜರಿಗೆ ಹಾಕಿ ಹೊಸದು ತಗೊಳ್ರಿ."

"ರಿಪೇರಿ ಆಗೋದಿಲ್ವಾ ಮೇಸ್ತ್ರಿ?"

"ಆಗ್ದೇ ಏನು? ಹೆಣಕ್ಕೂ ಹಲ್ಲು ಕಟ್ಟಬೋದು. ಅಗಿಯೋರು ಯಾರು?"

"ಬಿಚ್ಚಿ ನೋಡಿ, ಆಮೇಲೆ ಹೇಳಿ," ಎಂದೆ. ಅಪ್ಪನ ವಸ್ತು ಎಂಬ ಅಭಿಮಾನದಿಂದ ಹಾಗೆಂದೆ. ಅದನ್ನೂ ಇಲ್ಲಿ ದಾಖಲಿಸಬೇಕು. ಮೇಸ್ತ್ರಿ ತನ್ನ ಚೀಲ ಬಿಚ್ಚಿ ಪಾನಾಗಳನ್ನು ನೆಲದ ಮೇಲೆ ಹರಡಿಕೊಂಡ. ಆತ ಬಿಚ್ಚುತ್ತಿರಲಿ. ಅಷ್ಟರಲ್ಲಿ ಆ ಯಂತ್ರ ನಿಂತಿದ್ದ ಮನೆಯನ್ನು ತೋರಿಸುತ್ತೇನೆ.

ಮೊಳಕಾಲ್ಮೂರಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೀದಿಯಿಂದ ಒಳಗೆ ಬಂದರೆ ಮೊದಲು ಸಿಗುತ್ತಿದ್ದದ್ದು ಮಗ್ಗದ ಪಡಸಾಲೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಮನೆಯಲ್ಲಿದ್ದದ್ದು ಒಂದೇ ಮಗ್ಗ, ಅದನ್ನು ನೇಯುತ್ತಿದ್ದವಳು ಅವ್ವ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಅವಳು ಮನೆಯ ಯಾರಿಗೂ ದಕ್ಕುತ್ತಿರಲಿಲ್ಲ. ಪಡಸಾಲೆ ದಾಟಿದರೆ ಅಡುಗೆಮನೆ, ಅದರಾಚೆ ಹಿತ್ತಿಲು, ಹಿತ್ತಿಲಿನ ಮೂಲೆಯಲ್ಲಿ ತಗಡು ಹೊದಿಸಿದ ಅಪ್ಪನ ಕೋಣೆ. ಅಪ್ಪ ನೇಯುತ್ತಿರಲಿಲ್ಲ, ಊರಿನ ಮಗ್ಗಗಳಿಗೆ ಬೇಕಾದ ಮರದ ಸಾಮಾನು ಮಾಡುತ್ತಿದ್ದ. ಅದರಲ್ಲಿ ಮುಖ್ಯವಾದದ್ದು ತೂತಿನ ಹಲಗೆ. ರೇಷ್ಮೆ ಸೀರೆಯ ಅಂಚಿನಲ್ಲಿ ಹಂಸವೋ ನವಿಲೋ ಮೂಡಬೇಕಾದರೆ ಮಗ್ಗದ ನೆತ್ತಿಯಲ್ಲಿರುವ ಜಕಾರ್ಡ್ ಎಂಬ ಚಿತ್ತಾರದ ಸಲಕರಣೆಯಿಂದ ನೂರಾರು ದಾರಗಳು ಇಳಿದು ಒಂದೊಂದು ಎಳೆಯನ್ನು ಎತ್ತಬೇಕು. ಆ ದಾರಗಳು ಒಂದಕ್ಕೊಂದು ಸಿಕ್ಕಾಗದಂತೆ ಪ್ರತಿಯೊಂದೂ ಈ ಹಲಗೆಯ ಒಂದೊಂದು ತೂತಿನಲ್ಲಿ ಹಾದುಹೋಗುತ್ತದೆ. ಸಾಸಿವೆಯನ್ನು ಸಾಲಾಗಿ ಜೋಡಿಸಿಟ್ಟಂತೆ ಅಪ್ಪ ಆ ತೂತುಗಳನ್ನು ಕೊರೆಯುತ್ತಿದ್ದ. ಆ ಯಂತ್ರವನ್ನು ಆತ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಿಂದ ಹಳೆಯದಾಗಿಯೇ ತಂದಿದ್ದ. ಅಂದರೆ ಅದು ನಮ್ಮ ಮನೆಗೆ ಬರುವಾಗಲೇ ಸವೆದಿತ್ತು. ಹಾಗೆಂದು ಯಾರೂ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಪ್ರತಿ ಮಂಗಳವಾರ ಅದರ ಕಂಬಕ್ಕೆ ವಿಭೂತಿ, ಕುಂಕುಮ. ಯಂತ್ರಕ್ಕೆ ದೋಷ ಹೇಳಿದ ಮನೆಯಲ್ಲಿ ಅನ್ನ ನಿಲ್ಲುವುದಿಲ್ಲ ಎಂಬುದು ಅಪ್ಪನ ಮಾತು. ಮನುಷ್ಯರಿಗೆ ದೋಷ ಹೇಳಿದರೆ ಅನ್ನಕ್ಕೇನೂ ಆಗುತ್ತಿರಲಿಲ್ಲ.

ನಮ್ಮ ಮನೆಯ ಊಟಕ್ಕೆ ಒಂದು ಪದ್ಧತಿಯಿತ್ತು. ಮಗ್ಗದವರಿಗೆ ಮೊದಲ ಎಲೆ. ಬೆಳಕಿಂಡಿಯ ಬಿಸಿಲು ಯಾರಿಗೂ ಕಾಯುವುದಿಲ್ಲ. ಮಗ್ಗದಿಂದ ಎದ್ದವರು ಬೇಗ ಉಂಡು, ಜಿಡ್ಡು ಉಳಿಯದಂತೆ ಕಡಲೆಹಿಟ್ಟಿನಲ್ಲಿ ಕೈ ತೊಳೆದು ಮತ್ತೆ ಕೂರಬೇಕು. ಹೀಗಾಗಿ ಬೀದಿಯ ಉಳಿದ ಮನೆಗಳಲ್ಲಿ ಹೆಂಗಸರು ಗಂಡಸರ ಎಂಜಲು ಬಳಿದ ಮೇಲೆ ಉಣ್ಣುತ್ತಿದ್ದಾಗ, ನಮ್ಮಲ್ಲಿ ಅವ್ವ ಮೊದಲು ಉಣ್ಣುತ್ತಿದ್ದಳು. ಮುದ್ದೆಯನ್ನು ತಾನೇ ಕಟ್ಟಿಟ್ಟು ಹೋಗಿ ನೇಯುತ್ತಿದ್ದಳು; ಹೊತ್ತಾದಾಗ ಬಡಿಸುತ್ತಿದ್ದವನು ಅಪ್ಪ. ಹುರುಳಿ ಸಾರನ್ನು ಸೌಟಿನಲ್ಲಿ ಹಿಡಿದು "ಸಾಕಾ, ಇನ್ನಷ್ಟು ಹಾಕ್ಲಾ?" ಎಂದು ಅಪ್ಪ ಕೇಳುವುದು, ಅವ್ವ ತಲೆಯೆತ್ತದೆ ಕೈಯನ್ನು ಅಡ್ಡ ಹಿಡಿಯುವುದು, ಇದು ನನ್ನ ಬಾಲ್ಯದ ಅತ್ಯಂತ ಸುಖದ ಚಿತ್ರ. ಆ ಚಿತ್ರವನ್ನು ಕೆಡಿಸಿದವರು ಇಬ್ಬರು. ಒಬ್ಬ ಅಪ್ಪ. ಇನ್ನೊಬ್ಬಳ ಹೆಸರು ಮುಂದೆ ಬರುತ್ತದೆ.

ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಒಂದು ವರ್ಷ ಅವ್ವ ನೇಯ್ದ ಸೀರೆಗಳು ವ್ಯಾಪಾರಿಯಿಂದ ಹಿಂದಕ್ಕೆ ಬರತೊಡಗಿದವು. ಬಲ ಅಂಚಿನ ಹಂಸಗಳಿಗೆ ಕೊಕ್ಕು ಮೂಡುತ್ತಿರಲಿಲ್ಲ. ಕೊಕ್ಕಿನ ಎಳೆಗಳನ್ನು ಎತ್ತಬೇಕಾದ ದಾರಗಳು ತೂತಿನ ಅಂಚಿಗೆ ಉಜ್ಜಿ ಉಜ್ಜಿ ಕಡಿದುಹೋಗುತ್ತಿದ್ದವು. ಅವ್ವ ಗಂಟು ಹಾಕುತ್ತಿದ್ದಳು, ಎರಡು ದಿನಕ್ಕೆ ಮತ್ತೆ ಕಡಿಯುತ್ತಿತ್ತು. ಮೂರನೆಯ ಸೀರೆ ಹಿಂದಕ್ಕೆ ಬಂದ ದಿನ ಅಪ್ಪ ಅದನ್ನು ಅವ್ವನ ಮಡಿಲಿಗೆ ಎಸೆದು, "ನಿನ್ನ ಕೈ ಹೋಯ್ತು," ಎಂದ. ನೇಕಾರಳಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಕಣ್ಣು ಹೋಯಿತೆಂದರೆ ವಯಸ್ಸಿನ ಮೇಲೆ ಹಾಕಬಹುದು. ಕೈ ಹೋಯಿತೆಂದರೆ ಅವಳೇ ಹೋದಂತೆ.

ಅವ್ವ ಅಮಾವಾಸ್ಯೆಗೆ ಕಾದಳು. ಅಮಾವಾಸ್ಯೆಯಂದು ಊರಿನಲ್ಲಿ ಮಗ್ಗ ಆಡುವುದಿಲ್ಲ. ಬೆನಕನ ಅಮಾವಾಸ್ಯೆಯ ದಿನ, ಗಣೇಶನ ಹಬ್ಬಕ್ಕೆ ಇನ್ನು ನಾಲ್ಕು ದಿನ ಇರುವಾಗ, ಅವಳು ಮಗ್ಗದಿಂದ ತೂತಿನ ಹಲಗೆಯನ್ನು ಬಿಚ್ಚಿ ತಂದು ಹಿತ್ತಿಲಲ್ಲಿ ಎರಡು ಇಟ್ಟಿಗೆಗಳ ಮೇಲಿಟ್ಟಳು. ಅಪ್ಪ ತನ್ನ ಕೋಣೆಯ ಬಾಗಿಲಲ್ಲಿ ಕೂತಿದ್ದ. ಬೇರೊಬ್ಬರ ಮನೆಯ ಮಗ್ಗ ನೇಯುತ್ತಿದ್ದ ಚಿಕ್ಕಪ್ಪನೂ ಅಂದು ಬಿಡುವಾಗಿದ್ದುದರಿಂದ ಬಂದು ಗೋಡೆಗೊರಗಿ ಕಡಲೆಕಾಯಿ ಸುಲಿಯುತ್ತಿದ್ದ. ಮೊದಲಿಗೆ ನಾನು ಆ ದಿನವನ್ನು ಭಾನುವಾರವೆಂದು ನೆನಪಿಟ್ಟುಕೊಂಡಿದ್ದೆ. ಪಂಚಾಂಗಕ್ಕೆ ತಾಳೆ ನೋಡಿದಾಗ ಭಾನುವಾರವಲ್ಲ. ಶಾಲೆಗೆ ಹೋಗಿ ಬಂದಿದ್ದೆ, ಪುಸ್ತಕದ ಚೀಲ ಹೆಗಲಲ್ಲೇ ಇತ್ತು. ಅದು ಮುಂದಿನದಕ್ಕೆ ಹೊಂದುತ್ತದೆ.

"ಏನ್ರಿ, ನನ್ನ ಕೈ ಸರಿ ಐತೆ. ಹಲಗೆ ವಂಕರ ಐತೆ," ಎಂದಳು ಅವ್ವ. ಸಿಟ್ಟು ಬಂದಾಗ ಅವಳ ಬಾಯಿಗೆ ತವರಿನ ತೆಲುಗು ಬರುತ್ತಿತ್ತು. ಸೊಟ್ಟ ಎನ್ನುವುದಕ್ಕೆ ವಂಕರ ಎಂದಳು.

"ಊರಿನ ಮಗ್ಗಕ್ಕೆಲ್ಲ ಇದೇ ಮಿಷನ್ನಾಗೆ ಕೊರ್ದ ಹಲಗೆ ಹೋಗ್ಯಾವೆ. ಯಾರಿಗೂ ಇಲ್ಲದ ವಂಕರ ನಿನಗೊಬ್ಬಳಿಗೇ ಬಂತಾ?"

"ಅವ್ರಿಗೂ ಐತೆ. ನಿಮ್ಮ ಮುಂದೆ ಹೇಳಾಕೆ ಬಾಯಿಲ್ಲ ಅಷ್ಟೆ. ಕೈ ತಪ್ಪಿದ್ರೆ ಒಂದೊಂದ್ಸಲ ಒಂದೊಂದು ಕಡೆ ತಪ್ತೈತೆ. ಇಲ್ಲಿ ನೋಡಿದ್ರೆ ಎಲ್ಲಾ ಹಂಸಕ್ಕೂ ಕೊಕ್ಕೇ ಹೋಗೈತೆ. ನನ್ನ ಕೈಗೇನು ಕೊಕ್ಕಿನ ಮ್ಯಾಲೆ ಹಗೆನಾ?"

ಚಿಕ್ಕಪ್ಪ ನಕ್ಕ. "ಅತ್ತಿಗೆ, ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದ. ಗಾದೆಯಲ್ಲಿರುವ ಹೊಲಸು ಪದವೊಂದನ್ನು ನನ್ನನ್ನು ನೋಡಿ ನುಂಗಿಕೊಂಡ.

"ನೆಲ ಡೊಂಕಿದ್ರೆ ಡೊಂಕು ಅಂತಲೇ ಅನ್ನಬೇಕಲ್ಲ, ಮೈದುನಾರೇ. ನೀವು ಸುಲೀರಿ ಕಡ್ಲೆಕಾಯಿ."

ಹೀಗೆಂದವಳೇ ಅವ್ವ ಮೂಲೆಯಲ್ಲಿದ್ದ ತೆಂಗಿನ ಕಡ್ಡಿಯ ಪೊರಕೆಯನ್ನು ಬಿಚ್ಚಿದಳು. ಸಣ್ಣ ಕಡ್ಡಿಗಳನ್ನು ಆರಿಸಿ ಹಲಗೆಯ ಒಂದೊಂದು ತೂತಿಗೆ ಒಂದೊಂದನ್ನು ಚುಚ್ಚುತ್ತಾ ಹೋದಳು. ಒಂದು ಸಾಲು, ಎರಡು ಸಾಲು, ಮೂರು ಸಾಲು. ನೆಟ್ಟಗೆ ಕೊರೆದ ತೂತಾಗಿದ್ದರೆ ಕಡ್ಡಿಗಳು ನೆಟ್ಟಗೆ ನಿಲ್ಲಬೇಕಿತ್ತು. ಗಾಳಿಗೆ ಬಾಗಿದ ಜೋಳದ ಹೊಲದಂತೆ ಎಲ್ಲವೂ ಮೂಡಣ ದಿಕ್ಕಿಗೆ ವಾಲಿ ನಿಂತವು. ಯಾವ ವಿಶ್ವವಿದ್ಯಾಲಯವೂ ಕಲಿಸದೆ ಅವ್ವ ಮಾಡಿದ ಈ ಪರೀಕ್ಷೆಯ ಮುಂದೆ ನನ್ನ ಜೀವಮಾನದ ಸಂಶೋಧನೆಯ ವಿಧಾನ ತಲೆಬಾಗಬೇಕು. ಕೈತಪ್ಪು ಚದುರುತ್ತದೆ, ಮೂಲದ ತಪ್ಪು ಒಂದೇ ಕಡೆ ವಾಲುತ್ತದೆ. ಓಲೆಗಳನ್ನು ನಕಲು ಮಾಡಿದ ಲಿಪಿಕಾರರ ತಪ್ಪುಗಳ ಬಗ್ಗೆ ನಾನು ಇದನ್ನೇ ಎಷ್ಟು ಪುಟ ಬರೆದಿಲ್ಲ!

ಅಪ್ಪ ಕೂತಲ್ಲಿಂದ ಏಳಲಿಲ್ಲ. ಆತ ಕೂತಿದ್ದದ್ದು ಹಲಗೆಯ ಪಡುವಣ ಬದಿಗೆ. ಕಡ್ಡಿಗಳು ಆತನಿಂದ ನೇರ ಆಚೆಗೆ ವಾಲಿದ್ದವು. ಆ ದಿಕ್ಕಿನಿಂದ ನೋಡಿದವರಿಗೆ ಅವು ನೆಟ್ಟಗೆ ನಿಂತಂತೆಯೇ ಕಾಣುತ್ತವೆ. ಅವ್ವ ನಿಂತಿದ್ದ ತೆಂಕಣ ಬದಿಯಿಂದ ನೋಡಿದರೆ ಮಾತ್ರ ವಾಲಿದ್ದು ಕಣ್ಣಿಗೆ ರಾಚುತ್ತಿತ್ತು.

"ನೆಟ್ಟಗೇ ಅವಲ್ಲ," ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿದ. "ಪಾಪಾ, ನಿನ್ನ ಕಂಪಾಸು ಪೆಟ್ಟಿಗ್ಯಾಗೆ ಮೂಲೆಮಟ್ಟ ಐತಲ್ಲ, ತಗಂಬಾ. ವಿದ್ಯಾವಂತ್ರು ಅಳೆದು ಹೇಳ್ಲಿ."

ಚೀಲದಿಂದ ನನ್ನ ಹಳದಿ ಬಣ್ಣದ ತಗಡಿನ ಕಂಪಾಸು ಪೆಟ್ಟಿಗೆ ತೆಗೆದೆ. ಮೂಲೆಮಟ್ಟ ಹಿಡಿದು ಹಲಗೆಯ ಸುತ್ತ ಒಂದು ಸುತ್ತು ಬಂದೆ. ಹೌದು, ಒಂದು ಸುತ್ತು ಬಂದೆ. ಎರಡೂ ಬದಿಯನ್ನು ನೋಡಿದೆ. ತೆಂಕಣ ಬದಿಯಲ್ಲಿ ಮೂಲೆಮಟ್ಟದ ಅಂಚಿಗೂ ಕಡ್ಡಿಗೂ ನಡುವೆ ಬೆರಳು ತೂರುವಷ್ಟು ಸಂದು ಕಂಡಿತು. ಕಂಡ ಮೇಲೆ ನಾನು ಅಪ್ಪನ ಬದಿಗೆ ಬಂದೆ, ಪಡುವಣ ಬದಿಯಲ್ಲಿ ಕೂತೆ, ಆತನಿಗೆ ಕಾಣುವಂತೆ ಮೂಲೆಮಟ್ಟವನ್ನು ಕಡ್ಡಿಗೆ ತಾಗಿಸಿ ಹಿಡಿದೆ. ಅಲ್ಲಿ ಸಂದಿರಲಿಲ್ಲ.

"ನೆಟ್ಟಗೈತೆ ಅಪ್ಪ," ಎಂದೆ.

ಭಯದಿಂದ ಹೇಳಿದೆ ಎಂದು ಬರೆದರೆ ಅರ್ಧ ಸತ್ಯವಾಗುತ್ತದೆ. ಉಳಿದರ್ಧ ಇದು: ಅಪ್ಪ ಅದೇ ಮೊದಲ ಬಾರಿಗೆ ನನ್ನನ್ನು ವಿದ್ಯಾವಂತ್ರು ಎಂದಿದ್ದ. ಆ ಒಂದು ಪದಕ್ಕೆ ನಾನು ಅವ್ವನ ಕೈಯನ್ನು ಕೊಟ್ಟುಬಿಟ್ಟೆ. ನಾನು ಹೇಳಿದ್ದು ಸುಳ್ಳಲ್ಲವೆಂದೂ, ಆ ಬದಿಯಿಂದ ಅದು ನಿಜವೆಂದೂ ಬಹಳ ವರ್ಷ ನನಗೆ ನಾನೇ ವಾದಿಸಿಕೊಂಡೆ. ಕಲಿತವರ ಸುಳ್ಳು ಯಾವಾಗಲೂ ಹೀಗೆಯೇ ಇರುತ್ತದೆ. ಅಳತೆ ಸರಿಯಿರುತ್ತದೆ, ಅಳೆಯಲು ನಿಂತ ಜಾಗ ಕಳ್ಳತನದ್ದಾಗಿರುತ್ತದೆ.

ಅವ್ವ ನನ್ನನ್ನು ನೋಡಿದಳು. "ಚಾಲು," ಎಂದಳು. ಸಾಕು ಎಂದರ್ಥ. ಕಡ್ಡಿಗಳನ್ನು ಒಂದೊಂದಾಗಿ ಕಿತ್ತು, ನೆಲಕ್ಕೆ ಕುಟ್ಟಿ ಸಮ ಮಾಡಿ, ಮತ್ತೆ ಪೊರಕೆ ಕಟ್ಟಿ ಹಿತ್ತಿಲು ಗುಡಿಸಿದಳು. ಅಪ್ಪ ಉದಾರಿಯಂತೆ, "ದಸರಾ ತನಕ ಮಗ್ಗ ಖಾಲಿ ಇರ್ಲಿ. ಆಮ್ಯಾಲೆ ನೋಡಾನ," ಎಂದ. ಅಂದರೆ ತೀರ್ಪು ಇನ್ನೂ ಬಂದಿರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಆ ಬಳಿಕ ನಡೆದದ್ದನ್ನು ನಾನು ಬಲ್ಲ ಕ್ರಮದಲ್ಲಿ ಹೇಳುತ್ತೇನೆ. ಗಣೇಶನ ಹಬ್ಬ ಮುಗಿಯುತ್ತಲೇ ನನ್ನ ಕಂಪಾಸು ಪೆಟ್ಟಿಗೆಯ ಮುಚ್ಚಳ ಕಾಣೆಯಾಯಿತು. ಶಾಲೆಯಲ್ಲಿ ಕಳೆದುಕೊಂಡೆನೆಂದು ಅತ್ತೆ. ಅಪ್ಪ ಗದರಲಿಲ್ಲ. ಮುಂದಿನ ವಾರ ರಾಂಪುರದ ಸಂತೆಗೆ ಹೋದವನು ಹೇಳದೆ ಕೇಳದೆ ಹೊಸ ಪೆಟ್ಟಿಗೆಯನ್ನೇ ತಂದು ನನ್ನ ಮುಂದಿಟ್ಟ. ದಸರಾ ರಜೆಗೆ ಮುಂಚಿನ ಅರ್ಧವಾರ್ಷಿಕ ಪರೀಕ್ಷೆಯ ರೇಖಾಗಣಿತವನ್ನು ಅದರಲ್ಲೇ ಬರೆದೆ. ಆಮೇಲೆ ಅಪ್ಪ ಇನ್ನೊಂದು ಔದಾರ್ಯ ತೋರಿದ: ದಸರಾ ಹಬ್ಬದ ಹೆಸರಿನಲ್ಲಿ ಊರಿನ ಮಗ್ಗದ ಮನೆಗಳಿಗೆ ಹೋಗಿ, ತಾನು ಆ ವರ್ಷ ಕೊಟ್ಟಿದ್ದ ಹಲಗೆಗಳನ್ನು ಪುಕ್ಕಟೆಯಾಗಿ ಬದಲಾಯಿಸಿ ಹೊಸ ಹಲಗೆ ಹಾಕಿಕೊಟ್ಟು ಬಂದ. ಬೀದಿಯೇ ಹೊಗಳಿತು. ವಿಜಯದಶಮಿಯಂದು ನಮ್ಮ ಮಗ್ಗಕ್ಕೂ ಹೊಸ ಹಲಗೆ ಏರಿತು. ಕುಣಿಯಲ್ಲಿ ಕೂತವನು ಚಿಕ್ಕಪ್ಪ. ಅವನು ನೇಯ್ದ ಮೊದಲ ಸೀರೆಯಲ್ಲೇ ಹಂಸಗಳಿಗೆಲ್ಲ ಕೊಕ್ಕು ಮೂಡಿತು. ಅಪ್ಪ ಆ ಸೆರಗನ್ನು ಪಡಸಾಲೆಯಲ್ಲಿ ಹರಡಿ, ಬಂದವರಿಗೆಲ್ಲ, "ನೋಡ್ರಿ, ಕೈ ಬದಲಾತು, ಕೊಕ್ಕು ಬಂತು," ಎಂದು ತೋರಿಸಿದ. ತೀರ್ಪು ಅಂದು ಬಂತು. ಅವ್ವ ಕಂಡಿಕೆ ಸುತ್ತುವ ರಾಟೆಗೆ ಸರಿದಳು; ಇನ್ನೊಬ್ಬರ ಲಾಳಿಗೆ ಎಳೆ ಸುತ್ತಿಕೊಡುವ ಕೆಲಸ ಅದು. ಅಂದಿನಿಂದ ಮೊದಲ ಎಲೆ ಚಿಕ್ಕಪ್ಪನದು. ಅವ್ವ ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳದ ಸಾರನ್ನು ಮುದ್ದೆಗೆ ಬಳಿದುಕೊಂಡು ಉಣ್ಣತೊಡಗಿದಳು. "ಸಾಕಾ, ಇನ್ನಷ್ಟು ಹಾಕ್ಲಾ?" ಎಂಬ ಅಪ್ಪನ ಮಾತು ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ. ಮುಂದೆ ಅವಳು ಮಗ್ಗದಲ್ಲಿ ಕೂರಲೇ ಇಲ್ಲ.

ಮಗಳ ಓದಿಗಾಗಿ ಸಂತೆಗೆ ಹೋಗಿ ಕಂಪಾಸು ಪೆಟ್ಟಿಗೆ ತಂದ, ಬಡ ನೇಕಾರರಿಗೆ ಹಲಗೆಗಳನ್ನು ದಾನ ಮಾಡಿದ ಅಪ್ಪ. ಮೂರು ಸಭೆಗಳಲ್ಲಿ ನಾನು ಹೇಳಿದ್ದು ಈ ಎರಡು ಕಥೆಗಳನ್ನೇ. ಬೀಳ್ಕೊಡುಗೆಯ ದಿನ ಮಾತಿನ ನಡುವೆ ನಿಲ್ಲಿಸಿ ನೀರು ಕುಡಿದಿದ್ದೆ. ಕಿರಿಯ ಸಹೋದ್ಯೋಗಿಯೊಬ್ಬಳು ಕಣ್ಣೊರೆಸಿಕೊಂಡಳು. ಮುಂದಿನ ಸಾಲಿನಲ್ಲಿ ಅವ್ವ ಕೂತಿದ್ದಳು. ಅವಳು ಚಪ್ಪಾಳೆ ತಟ್ಟಲಿಲ್ಲ. ವಯಸ್ಸಾಗಿದೆ, ಕಿವಿ ಮಂದ ಎಂದುಕೊಂಡೆ. ಅವ್ವನ ಕಿವಿ ಈಗಲೂ ಹಲ್ಲಿಯ ಹೆಜ್ಜೆ ಕೇಳುತ್ತದೆ.

ಖಾದರ್ ಮೇಸ್ತ್ರಿ ಹಿತ್ತಿಲಿಂದ ಕೂಗಿದ. "ಅಮ್ಮಾರೇ, ಬರ್ರಿ ಇಲ್ಲಿ. ಯಾವನೋ ಹುಷಾರಿ ಮನುಷ್ಯ ಒಳಗೆ ಕೈಯಾಡಿಸ್ಯಾನೆ."

ಯಂತ್ರದ ತಲೆ ಬಿಚ್ಚಿ ನೆಲದ ಮೇಲಿತ್ತು. ಬೈರಿಗೆಯನ್ನು ತಿರುಗಿಸುವ ಸ್ಪಿಂಡಲ್ಲನ್ನು ಹಿಡಿದಿಡುವ ಹಿತ್ತಾಳೆಯ ಬುಶ್ಶು ಒಂದು ಬದಿಗೆ ಸವೆದು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು. ಆ ಬುಶ್ಶಿನ ಬೆನ್ನಿಗೆ, ಅದು ಕೂರುವ ಗೂಡಿನಲ್ಲಿ, ಕಪ್ಪು ಗ್ರೀಸು ಮೆತ್ತಿದ ಒಂದು ತಗಡಿನ ಪಟ್ಟಿಯನ್ನು ತುರುಕಿದ್ದರು.

"ಸ್ಪಿಂಡಲ್ಲು ವಾಲಿತ್ತು, ನೆಟ್ಟಗೆ ಮಾಡಾಕೆ ಹಿಂದೆ ತಗಡು ಕೊಟ್ಟಾನೆ. ಬರಾಬರ್ ಕೆಲ್ಸ. ಬಿಸ್ಕತ್ತು ಡಬ್ಬದ ತಗಡಾಗಿದ್ರೆ ಯಾವಾಗ್ಲೋ ಪುಡಿಯಾಗಿರೋದು. ಇದು ದಪ್ಪ ತಗಡು. ಈಗ ಬುಶ್ಶೇ ಸವೆದೈತೆ, ತಗಡೇನು ಮಾಡೀತು?"

ಪಟ್ಟಿಯ ಎರಡೂ ಅಂಚುಗಳನ್ನು ಕೈ ಕೊಯ್ಯದಂತೆ ಎರಡೆರಡು ಬಾರಿ ಒಳಕ್ಕೆ ಮಡಿಚಲಾಗಿತ್ತು. ತಗಡನ್ನು ಹಾಗೆ ಮಡಿಚುವವನು ಅಪ್ಪನೊಬ್ಬನೇ. ಕೈಬರಹ ಗುರುತಿಸಿದಷ್ಟೇ ಖಚಿತವಾಗಿ ಗ್ರಹಿಸಿದೆ. ಸೀಮೆಎಣ್ಣೆ ತರಿಸಿ ಒರೆಸಿದೆ. ಗ್ರೀಸಿನಡಿಯಿಂದ ಹಳದಿ ಬಣ್ಣ ಎದ್ದಿತು. ತಿರುಗಿಸಿದೆ. ಬರಿಯ ತಗಡಿನ ಒಳಮೈಯಲ್ಲಿ ಮೊಳೆಯಿಂದ ಗೀಚಿದ, ಮಕ್ಕಳ ಕೈಬರಹದ ಎರಡು ಅಕ್ಷರಗಳಿದ್ದವು: ರಿ, ಜ. ಗಿ ಇದ್ದ ಭಾಗವನ್ನು ಕತ್ತರಿಸಿ ಬಿಟ್ಟಿದ್ದರು. ಗಿರಿಜ ನನ್ನ ಹೆಸರು. ಆ ಪೆಟ್ಟಿಗೆಯ ಮುಚ್ಚಳ ಶಾಲೆಯಲ್ಲಿ ಕಳೆದಿರಲಿಲ್ಲ.

  ನಾನು ಮೊದಲು ಮಾಡಿದ್ದು ಕಾಲನಿರ್ಣಯ. ಹೊಸ ಪೆಟ್ಟಿಗೆ ಇಂದಿಗೂ ನನ್ನ ಮೇಜಿನ ಮೇಲಿದೆ. ಅದರ ಒಳಗೆ ಅರ್ಧವಾರ್ಷಿಕ ಪರೀಕ್ಷೆಯ ಕ್ರಮಸಂಖ್ಯೆಯ ಚೀಟಿ ಅಂಟಿಕೊಂಡಿದೆ. ಆದ್ದರಿಂದ ಹೊಸ ಪೆಟ್ಟಿಗೆ ಪರೀಕ್ಷೆಗಿಂತ ಮೊದಲಿನದು, ಪರೀಕ್ಷೆ ದಸರಾಕ್ಕಿಂತ ಮೊದಲಿನದು, ಮುಚ್ಚಳ ಕತ್ತರಿಸಿದ್ದು ಇವೆಲ್ಲಕ್ಕಿಂತ ಮೊದಲು. ಅಮಾವಾಸ್ಯೆಯಂದು ಅಪ್ಪನಿಗೆ ಗೊತ್ತಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆಮೇಲೆ ಯಾರೂ ಇಲ್ಲದಾಗ ಯಂತ್ರ ಬಿಚ್ಚಿ ನೋಡಿದ. ಅವ್ವ ಹೇಳಿದ್ದು ನಿಜವೆಂದು ಕಂಡ. ಕೈಗೆ ಸಿಕ್ಕ ಗಟ್ಟಿ ತಗಡು ಕತ್ತರಿಸಿ ತುರುಕಿದ. ತನ್ನ ಹೆಸರು ಕೆಡದಂತೆ ಊರಿನ ಸೊಟ್ಟ ಹಲಗೆಗಳನ್ನೆಲ್ಲ ಮರಳಿ ಪಡೆದ. ನನ್ನ ಬಾಯಿ ಏಳದಂತೆ ಪೆಟ್ಟಿಗೆ ತಂದುಕೊಟ್ಟ. ಇಷ್ಟೆಲ್ಲ ಮಾಡಿದ ಮೇಲೆ, ಪೂರ್ತಿ ಗೊತ್ತಿದ್ದು, ವಿಜಯದಶಮಿಯಂದು ಅವ್ವನನ್ನು ಮಗ್ಗದಿಂದ ಎಬ್ಬಿಸಿದ. ತಾನು ಸರಿಪಡಿಸಿದ ಯಂತ್ರದ ಫಲವನ್ನು ಅವಳನ್ನು ಎಬ್ಬಿಸಿದ್ದರ ಫಲವೆಂದು ಊರಿಗೆ ತೋರಿಸಿದ. ತಪ್ಪು ಮಾಡುವವರನ್ನು ನಾನು ಕ್ಷಮಿಸಬಲ್ಲೆ. ತಿದ್ದುಪಡಿಯನ್ನು ಬಚ್ಚಿಟ್ಟು ತಪ್ಪನ್ನು ಮಾತ್ರ ಇನ್ನೊಬ್ಬರ ಲೆಕ್ಕಕ್ಕೆ ಬರೆಯುವವರನ್ನು ನನ್ನ ವೃತ್ತಿಯಲ್ಲಿ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ: ಖೋಟಾ ದಾಖಲೆಯವರು.

ಆದರೂ ನನ್ನ ಬಳಿ ಇದ್ದದ್ದು ಒಂದು ಸಾಕ್ಷಿ. ಎರಡನೆಯದು ಮುಂಬಾಗಿಲ ಜಗಲಿಯ ಮೇಲೆ ನವಣೆಯಲ್ಲಿ ಕಲ್ಲು ಆರಿಸುತ್ತಾ ಕೂತಿತ್ತು. ತಗಡಿನ ಪಟ್ಟಿಯನ್ನು ಅವ್ವನ ಅಂಗೈಯಲ್ಲಿಟ್ಟೆ. ಅವಳು ಮಡಿಚಿದ ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು.

"ಮಿಷನ್ನಿನ ಒಳಗಿತ್ತಾ?"

"ನಿನಗೆ ಗೊತ್ತಿತ್ತಾ ಅವ್ವ?"

"ತಗಡು ಅಂತ ಗೊತ್ತಿರ್ಲಿಲ್ಲ. ಏನೋ ಮಾಡ್ಯಾನೆ ಅಂತ ಗೊತ್ತಿತ್ತು. ಗಣಪ್ಪನ್ನ ಬಾವಿಗೆ ಬಿಟ್ಟು ಬಂದ ಮಾರನೆ ದಿನ ಸದ್ದು ಬದಲಾತು. ಅದಕ್ಕೆ ಮುಂಚೆ ಕೊರಿವಾಗ ಕಟಕಟ ಅಂತಿತ್ತು. ಅವತ್ತಿಂದ ಬರೀ ಗುಂಯ್ ಅಂತು. ಅಡುಗೆಮನ್ಯಾಗೆ ಕುಂತು ಕೇಳಿಸ್ಕಂಡೆ."

ನನ್ನ ಶಾಲೆಯ ಪರೀಕ್ಷೆಗೂ ದಸರಾಕ್ಕೂ ಎಷ್ಟೋ ದಿನ ಮೊದಲು. ಸಾಕ್ಷಿ ಎರಡಾಯಿತು.

"ಯಾಕೆ ಹೇಳಲಿಲ್ಲ ನೀನು?"

"ಯಾರಿಗೆ ಹೇಳ್ಲಿ?" ಅವ್ವ ನವಣೆಯ ಮೊರವನ್ನು ಒಮ್ಮೆ ಕುಲುಕಿದಳು. "ಅಳೆಯೋಳು ಆ ಮನೇಲಿ ನೀನೊಬ್ಬಳೇ ಇದ್ದೆ."

ಹೇಳಲೇಬೇಕಿತ್ತು, ಹೇಳಿದೆ. ಅಂದು ಎರಡೂ ಬದಿಯನ್ನು ನೋಡಿದ್ದೆನೆಂದು, ನೋಡಿಯೇ ಅಪ್ಪನ ಬದಿಗೆ ಕೂತೆನೆಂದು.

"ಗೊತ್ತೈತೆ. ನಾನು ತೆಂಕಲಾಗೆ ನಿಂತಿದ್ದೆನಲ್ಲ. ನೀನು ಸುತ್ತು ಬಂದಿದ್ದು, ನಿಂತಿದ್ದು, ನೋಡಿದ್ದು, ಎಲ್ಲಾ ಕಂಡೆ." ಅವಳ ದನಿಯಲ್ಲಿ ಕ್ಷಮೆಯಿರಲಿಲ್ಲ, ಇದ್ದಂತೆ ಬರೆದರೆ ನಾನೂ ಖೋಟಾ ದಾಖಲೆಯವಳಾಗುತ್ತೇನೆ. "ಹೋಗು, ನವಣೆ ಡಬ್ಬದ ಮ್ಯಾಲಿನ ಹಲಗೆ ತಗಂಬಾ."

ಮೊಳಕಾಲ್ಮೂರಿನಿಂದ ಬರುವಾಗ ಅವಳು ಗಂಟಿನಲ್ಲಿ ಕಟ್ಟಿ ತಂದಿದ್ದ, ಅಂದಿನ ಅದೇ ತೂತಿನ ಹಲಗೆ ಅದು. ಊರಿಗೆಲ್ಲ ಹಲಗೆ ಬದಲಾಯಿಸಿದ ಅಪ್ಪನಿಗೆ ಅವಳು ಅದೊಂದನ್ನು ಮರಳಿ ಕೊಟ್ಟಿರಲಿಲ್ಲ. ಇಷ್ಟು ವರ್ಷ ನನ್ನ ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳವಾಗಿ ನನ್ನ ಕಣ್ಣ ಮುಂದೆಯೇ ಇತ್ತು. ಊರೂರ ಅಟ್ಟ ಹತ್ತಿ ಹಳೆಯ ದಾಖಲೆ ಹುಡುಕಿದವಳು ಮನೆಯ ದಾಖಲೆಯ ಮೇಲೆ ಸೌಟು ಇಡುತ್ತಿದ್ದೆ. ತಂದು ಜಗಲಿಯ ಮೇಲಿಟ್ಟೆ. ಅವ್ವ ಪೊರಕೆ ತರಿಸಿ ಕಡ್ಡಿ ಚುಚ್ಚತೊಡಗಿದಳು. ಬೆರಳುಗಳಿಗೆ ಈಗ ಕಸುವಿಲ್ಲ, ಆದರೆ ಒಂದು ತೂತೂ ತಪ್ಪಲಿಲ್ಲ. ಸಾಲುಗಳು ವಾಲಿ ನಿಂತವು, ಅಂದು ವಾಲಿದ್ದಷ್ಟೇ.

"ನಿನ್ನ ಮೂಲೆಮಟ್ಟ ತಾ. ಈ ಕಡೆ ಕೂರು. ಏನೈತೆ ಹೇಳು."

ಅವ್ವ ತೋರಿಸಿದ ಬದಿಗೆ ಕೂತೆ. ಸಂದು ಅಲ್ಲೇ ಇತ್ತು. "ವಾಲೈತೆ ಅವ್ವ," ಎಂದೆ. ಬರಹದಲ್ಲಿ ಬದುಕಿದ ನಾಲಿಗೆಗೆ ಮನೆಯ ಮಾತು ತಾನಾಗಿ ಬಂತು.

"ಜೋರಾಗಿ ಹೇಳು. ಮೇಸ್ತ್ರಿಗೂ ಕೇಳ್ಲಿ."

"ಹಲಗೆ ವಾಲಿತ್ತು. ನಿನ್ನ ಕೈ ಸರಿ ಇತ್ತು."

ಅಷ್ಟರಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಿದ್ದ ಖಾದರ್ ಮೇಸ್ತ್ರಿ ಹಲಗೆಯನ್ನೂ ಕಡ್ಡಿಗಳನ್ನೂ ಅವ್ವನನ್ನೂ ನೋಡಿದ. ತಮಾಷೆಯ ಮನುಷ್ಯ, ಅಂದು ತಮಾಷೆ ಮಾಡಲಿಲ್ಲ. "ಏನ್ ಮಾಡಾನ ಅಮ್ಮಾರೇ? ಹೊಸ ಬುಶ್ಶಾ, ಗುಜರೀನಾ?" ಎಂದು ನನ್ನನ್ನು ಕೇಳಿದ. ಗುಜರಿಗೆ ಹಾಕಿ ಎನ್ನಲು ನಾನು ಬಾಯಿ ತೆರೆದೆ. ಆ ಕಬ್ಬಿಣವನ್ನು ಸುತ್ತಿಗೆಯಿಂದ ಜಜ್ಜುವಷ್ಟು ಸಿಟ್ಟು ನನ್ನಲ್ಲಿತ್ತು. ಉತ್ತರ ಕೊಟ್ಟವಳು ಅವ್ವ.

"ಮಿಷನ್ನು ಏನು ಮಾಡೈತೆ ಪಾಪ? ಅದು ಮೊದಲ್ನೇ ದಿನದಿಂದ ಕಟಕಟ ಅಂತ ನಿಜಾನೇ ಹೇಳ್ತಿತ್ತು. ಹೊಸ ಬುಶ್ಶು ಹಾಕಪ್ಪ. ಆ ತಗಡು ಮಾತ್ರ ವಾಪಸು ಒಳಗೆ ಹಾಕಬ್ಯಾಡ."

ಮೇಸ್ತ್ರಿ ತನ್ನ ಅಂಗಡಿಗೆ ಹೋಗಿ ಹಿತ್ತಾಳೆಯ ಬುಶ್ಶು ಕಡೆದು ತಂದು ಕೂರಿಸುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು. ಯಂತ್ರ ಗುಂಯ್ ಎಂದಿತು. ಅವ್ವನನ್ನೂ ಮೇಸ್ತ್ರಿಯನ್ನೂ ಊಟಕ್ಕೆ ಎಬ್ಬಿಸಿದೆ. ಮುದ್ದೆ, ಹುರುಳಿ ಸಾರು. ಮೊದಲ ತಟ್ಟೆಯನ್ನು ತಂದು ಅವ್ವನ ಮುಂದಿಟ್ಟು ಸೌಟು ಹಿಡಿದು ನಿಂತೆ. ಏನೋ ಒಂದನ್ನು ತಿದ್ದುತ್ತಿದ್ದೇನೆಂಬ ಬಿಗುಮಾನ ನನ್ನಲ್ಲಿದ್ದಿರಬೇಕು. ಅವ್ವ ತಟ್ಟೆಯನ್ನು ಎರಡು ಬೆರಳಿನಿಂದ ಆಚೆಗೆ ತಳ್ಳಿದಳು.

"ನಾನೇನು ಮಗ್ಗದಿಂದ ಎದ್ದು ಬಂದೀನಾ? ದುಡಿದು ಬಂದಾನೆ ಮೇಸ್ತ್ರಿ. ಅವನಿಗೆ ಬಡ್ಸು."

ಮೇಸ್ತ್ರಿಗೆ ಬಡಿಸಿದೆ. ಆಮೇಲೆ ನಾನು ಕೂರಬೇಕೆಂದಳು, ಕೂತೆ. ಅವಳು ಪಾತ್ರೆಯ ತಳ ಬಳಿದುಕೊಂಡು, ಅಂದೂ ಕೊನೆಗೇ ಉಂಡಳು.